ವಿಷವಿಲ್ಲದ ವಿಷಗಪ್ಪೆ

ಡೊಂಬಿವಲಿಯ ಸ್ನೇಹಿತರೊಬ್ಬರ ಮನೆಯ ಗಾಜಿನ ಪೆಟ್ಟಿಗೆಯಲ್ಲಿರುವ ವಿಷಗಪ್ಪೆಗಳ ಜಾತಿಯ ನೀಲಿ ಡಾರ್ಟ್ ಕಪ್ಪೆಯನ್ನು ಇಂದು ಹತ್ತಿರದಿಂದ ನೋಡಿದೆ.

ಹಣ್ಣಿನ ನೊಣವೊಂದು ಪಾಚಿಯ ಮೇಲೆ ಕಾಣಿಸಿಕೊಂಡೊಡನೆ ಕಪ್ಪೆ ಮೈಯನ್ನು ಅಲುಗಿಸದೆ, ತಬಲಾ ನುಡಿಸುವವರಂತೆ ಹಿಂಗಾಲಿನ ಬೆರಳನ್ನಷ್ಟೇ ಪಟಪಟನೆ ಬಡಿಯತೊಡಗಿತು, ಮರುಕ್ಷಣ ನೊಣವಿರಲಿಲ್ಲ.

ದಕ್ಷಿಣ ಅಮೆರಿಕದ ಸುರಿನಾಮ್‌ ದೇಶದ ಕಾಡಿನಲ್ಲಿ ಇದರ ಬಂಧುಗಳ ಚರ್ಮಕ್ಕೆ ವಿಷ ಸೇರುವುದು ಅವು ತಿನ್ನುವ ಇರುವೆ, ನುಸಿಗಳಿಂದ. ಗಾಜಿನೊಳಗೇ ಹುಟ್ಟಿ, ಹಾರಲಾರದ ತಳಿಯ ಹಣ್ಣಿನ ನೊಣಗಳನ್ನು ತಿಂದು ಬೆಳೆದ ಇದರಲ್ಲಿ ಆ ವಿಷವಿಲ್ಲ. ಆದರೆ ವೈರಿಗಳನ್ನು ಎಚ್ಚರಿಸುವ ಬಣ್ಣ ಮಾತ್ರ ಕಿಂಚಿತ್ತೂ ಮಾಸಿಲ್ಲ. ಬೆದರಿಸುವುದಕ್ಕೆ ಬಣ್ಣವೊಂದೇ ಸಾಕೇನೋ ಎಂದು ನನಗನ್ನಿಸಿತು.

ಹಾಗೆಂದು ಅದನ್ನು ಮುಟ್ಟುವಂತಿಲ್ಲ, ಏಕೆಂದರೆ ನಮ್ಮ ಕೈಯಲ್ಲಿ ಉಳಿದ ಸಾಬೂನಿನ ಅಂಶವನ್ನೂ ಅದರ ತೆಳುಚರ್ಮ ಹೀರಿಕೊಳ್ಳುತ್ತದೆ. ಇಂತಹ ವಿದೇಶಿ ಜೀವಿಗಳನ್ನು ಸಾಕುವವರು 2024ರ ನಿಯಮದಂತೆ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು, ಅದು ಆಗಿದೆಯಂತೆ.

ಕಷ್ಟವಿರುವುದು ಮುಂಬಯಿಯ ಸೆಕೆಯಲ್ಲಿ. ಕಪ್ಪೆಗೆ 25 ಡಿಗ್ರಿಯ ಆಸುಪಾಸಿನ ತಂಪು ಬೇಕಾದ್ದರಿಂದ ಎ.ಸಿ. ಇರುವ ಕೋಣೆಯನ್ನು ಅದಕ್ಕೆ ಬಿಟ್ಟುಕೊಟ್ಟು ದಂಪತಿಗಳು ಹಾಲ್‌ನಲ್ಲಿ ಫ್ಯಾನಿನಡಿ ಮಲಗುತ್ತಾರೆ. ಮನೆಯೊಡತಿಗೆ ಈ ವ್ಯವಸ್ಥೆ ಅಷ್ಟಾಗಿ ಒಪ್ಪಿಗೆಯಾದಂತೆ ಕಾಣಲಿಲ್ಲ.