ದಂಡೆಯ ಪರ್ಸೆಂಟೇಜು, ನಡುಸಮುದ್ರದ ರೀಫು

"ಪೋಲಾರ್ 84. ಏನಾಗಿದೆ?" ರಾತ್ರಿ ಹನ್ನೊಂದೂವರೆಗೆ ದಂಡೆಯ ಆಫೀಸಿನಿಂದ ಬಂದ ಮೆಸೇಜು ಇಷ್ಟೇ.

ಪೋಲಾರ್ ಅಂದರೆ ಇಷ್ಟು ಗಾಳಿಗೆ ಬೋಟು ಇಷ್ಟು ವೇಗವಾಗಿ ಓಡಬೇಕು ಎಂಬ ಲೆಕ್ಕದ ಪಟ್ಟಿ, ನಾವು ಅದರ ಶೇಕಡಾ 84ರಲ್ಲಿದ್ದೆವು. ಏನೂ ಆಗಿರಲಿಲ್ಲ. ನಮ್ಮ ಹಾಯಿಬೋಟು ಕೇಪ್‌ಟೌನ್ ಬಿಟ್ಟು ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ದಾರಿ ಹಿಡಿದು, ದಕ್ಷಿಣಕ್ಕೆ ನಲವತ್ತು ಡಿಗ್ರಿ ದಾಟಿತ್ತು. ವಾಯವ್ಯದಿಂದ 28 ನಾಟ್ ಗಾಳಿ, ಮೇನಿಗೆ, ಅಂದರೆ ದೊಡ್ಡ ಹಾಯಿಗೆ, ಒಂದೇ ರೀಫು (ಹಾಯಿಯನ್ನು ಒಂದು ಹಂತ ಇಳಿಸಿ ಚಿಕ್ಕದು ಮಾಡುವುದು), ಬಾರೋಮೀಟರ್ ಮೂರು ತಾಸಿನೊಳಗೆ 6 ಮಿಲಿಬಾರ್ ಇಳಿದಿತ್ತು. ಡೆಕ್ ಮೇಲೆ ನಿಂತವನಿಗೆ ಇದರ ಅರ್ಥ ಎರಡನೇ ರೀಫು, ಅದೂ ಈಗಲೇ. ಲ್ಯಾಪ್‌ಟಾಪ್ ಮುಂದೆ ಕೂತವನಿಗೆ ಇದರ ಅರ್ಥ 84. ಪೋಲಾರಿನ ಲೆಕ್ಕ ಸಪಾಟು ನೀರಿನದು. ಐದು ಮೀಟರ್ ಅಲೆಯ ಇಳಿಜಾರಿನಲ್ಲಿ ಬೋಟು 18 ನಾಟ್ ಓಡುತ್ತದೆ, ಮುಂದಿನ ಅಲೆಯ ಬೆನ್ನಿಗೆ ಮೂಗು ಹೊಕ್ಕೊಡನೆ ಎಂಟಕ್ಕೆ ಬೀಳುತ್ತದೆ. ಸರಾಸರಿ ತೆಗೆದರೆ 84 ಬರದೆ ಇನ್ನೇನು ಬಂದೀತು?

ಸ್ಕಿಪ್ಪರ್ ನಡುದಾರಿ ಹಿಡಿದರು. ನಾಲ್ಕಕ್ಕೆ ವಾಚ್ (ಪಾಳಿ) ಬದಲಾಗುತ್ತದೆ, ಎಂಟೂ ಜನ ಎದ್ದಿರುತ್ತಾರೆ, ಆಗ ಹಾಕೋಣ ಎಂದರು. ಕಾಗದದ ಮೇಲೆ ಇದು ತಪ್ಪಲ್ಲ, ಎಷ್ಟೋ ಬೋಟುಗಳಲ್ಲಿ ನಡೆಯುವುದೂ ಹೀಗೆಯೇ. ಪಿಟ್‌ನಲ್ಲಿ ಹಗ್ಗ ನೋಡಿಕೊಳ್ಳುತ್ತಿದ್ದ ಗೋಕಾಕದ ಹುಡುಗ ಮಾತ್ರ ಬಿಡಲಿಲ್ಲ.

"ಅಣ್ಣಾ, ಈಗs ಹಾಕಿಬಿಡೂಣು. ನಾಲ್ಕಕ್ಕ ಫ್ರಂಟ್ ಬರೂ ಹೊತ್ತು ಅದು."

"ನಾಲ್ಕಕ್ಕ ಎಲ್ಲಾರೂ ಇರ್ತಾರಲ್ಲೋ, ತಡಿ" ಎಂದೆ ನಾನು.

ಎಲ್ಲರೂ ಇರುತ್ತಾರೆ ನಿಜ, ಆದರೆ ಯಾವ ಸ್ಥಿತಿಯಲ್ಲಿ? ಇಪ್ಪತ್ತೈದು ಡಿಗ್ರಿ ವಾಲಿದ ಬೋಟಿನೊಳಗೆ ಎರಡು ಪದರ ಥರ್ಮಲ್, ಮೇಲೆ ಆಯಿಲ್‌ಸ್ಕಿನ್, ಬೂಟು, ಲೈಫ್‌ಜಾಕೆಟ್ ಹಾಕಿಕೊಳ್ಳಲು ಅರ್ಧ ತಾಸು ಬೇಕು. ಅದಕ್ಕೇ ಹೊಸ ವಾಚನ್ನು ಮೂರೂವರೆಗೆ ಎಬ್ಬಿಸಬೇಕು. ಐದು ನಿಮಿಷ ತಡವಾಗಿ ಎಬ್ಬಿಸಿದರೂ ಒಬ್ಬ ಒಂದೇ ಬೂಟಿನಲ್ಲಿ ಮೇಲೆ ಬರುತ್ತಾನೆ. ಇಳಿಯಬೇಕಾದವರ ಬೆರಳು ಆ ಹೊತ್ತಿಗೆ ಮರಗಟ್ಟಿರುತ್ತವೆ. ಎಂಟು ಜನರ ಕೆಲಸ ನಡೆಯುವುದು ಎರಡೂವರೆ ಜನರಷ್ಟು. ಜೊತೆಗೆ, ಯಾವ ಹಗ್ಗ ಯಾರ ಕೈಯಲ್ಲಿದೆ ಎನ್ನುವುದು ಅದಲುಬದಲಾಗುವ ಗಳಿಗೆಯೂ ಅದೇ.

ರೀಫಿನ ಕ್ರಮ ಎಲ್ಲರಿಗೂ ಬಾಯಿಪಾಠ. ಬೂಮ್ (ಹಾಯಿಯ ಕೆಳಗಿನ ಅಡ್ಡಕಂಬ) ಅತ್ತ ತಿರುಗದಂತೆ ತಡೆಯುವ ಪ್ರಿವೆಂಟರ್ ಹಗ್ಗ ಬಿಚ್ಚಿ, ಚುಕ್ಕಾಣಿ ಹಿಡಿದ ಹೆಲ್ಮ್ಸ್‌ಮನ್ ಬೋಟನ್ನು ಗಾಳಿಗೆ ತುಸು ಏರಿಸಬೇಕು. ಏರಿಸದಿದ್ದರೆ ಹಾಯಿ ಮಾಸ್ಟಿನ (ಹಾಯಿಕಂಬದ) ಅಡ್ಡತೋಳಾದ ಸ್ಪ್ರೆಡರಿಗೆ ಒತ್ತಿಕೊಂಡು, ಹಾಯಿಯನ್ನು ಕಂಬಕ್ಕೆ ಹಿಡಿದ ಬ್ಯಾಟನ್ ಕಾರುಗಳು ಟ್ರ್ಯಾಕಿನಲ್ಲಿ ಸಿಕ್ಕಿಬೀಳುತ್ತವೆ. ಆಮೇಲೆ ಬೂಮನ್ನು ಒಳಗೆಳೆಯುವ ಮೇನ್‌ಶೀಟ್ ಸಡಿಲ, ಅದನ್ನು ಕೆಳಗೆ ಜಗ್ಗಿ ಹಿಡಿಯುವ ವ್ಯಾಂಗ್ ಪೂರ್ತಿ ಬಿಡುಗಡೆ. ಹಾಯಿ ಏರಿಸುವ ಹ್ಯಾಲ್ಯಾರ್ಡನ್ನು ಗುರುತಿನ ತನಕ ಇಳಿಸಿ, ಹಾಯಿಯ ಮುಂದಿನ ಮೂಲೆಯಾದ ಟ್ಯಾಕನ್ನು ಕೊಕ್ಕೆಗೆ ಹಾಕಿ, ಹ್ಯಾಲ್ಯಾರ್ಡನ್ನು ಮತ್ತೆ ಬಿಗಿ ಮಾಡಬೇಕು. ರೀಫ್‌ಲೈನ್ ಹಗ್ಗವನ್ನು ವಿಂಚಿಗೆ (ಹಗ್ಗ ಎಳೆಯುವ ರಾಟೆಗೆ) ಹಾಕಿ, ಹಾಯಿಯ ಹಿಂದಿನ ಮೂಲೆಯಾದ ಕ್ಲೂ ಬೂಮಿಗೆ ಅಂಟುವವರೆಗೆ ಎಳೆದು, ಹಗ್ಗ ಕಚ್ಚಿ ಹಿಡಿಯುವ ಜಾಮರ್ ಮುಚ್ಚಬೇಕು. ಕೊನೆಗೆ ವ್ಯಾಂಗ್, ಶೀಟ್. ಕೈ ಬೆಚ್ಚಗಿದ್ದರೆ ನಾಲ್ಕು ನಿಮಿಷದ ಕೆಲಸ.

ಕೆಲಸ ಶುರುವಾದದ್ದು ನಾಲ್ಕಕ್ಕೇ. ಫ್ರಂಟ್, ಅಂದರೆ ಗಾಳಿ ಥಟ್ಟನೆ ತಿರುಗುವ ಹವೆಯ ಗಡಿ, ಬಂದದ್ದು ಹ್ಯಾಲ್ಯಾರ್ಡ್ ಅರ್ಧ ಇಳಿದಾಗ. ಗಾಳಿ ಒಂದೇ ಏಟಿಗೆ ನೈಋತ್ಯಕ್ಕೆ ತಿರುಗಿ 36 ಆಯಿತು, ಹಳೆಯ ಅಲೆಗೆ ಹೊಸ ಅಲೆ ಅಡ್ಡ ಬಿತ್ತು. ಟ್ಯಾಕ್ ಸಿಕ್ಕಿತು. ಕ್ಲೂ ಬೂಮಿನಿಂದ ಒಂದು ಗೇಣು ಮೇಲೆ ನಿಂತುಬಿಟ್ಟಿತು, ಎಷ್ಟು ತಿರುವಿದರೂ ಬರಲೊಲ್ಲದು. ಇಂಥ ಹೊತ್ತಿನಲ್ಲಿ ಕತ್ತಲಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನಷ್ಟು ತಿರುವು! ಅದೇ ತಪ್ಪು. ಕ್ಲೂ ಬರುತ್ತಿಲ್ಲ ಅಂದರೆ ಎಲ್ಲೋ ಏನೋ ಹಿಡಿದುಕೊಂಡಿದೆ. ವಿಂಚಿನ ಹ್ಯಾಂಡಲ್ ಬಿಟ್ಟು, ಟಾರ್ಚ್ ಹಾಕಿ, ಹಗ್ಗದ ದಾರಿಯನ್ನು ಬೂಮಿನ ತುದಿಯಿಂದ ಜಾಮರಿನವರೆಗೆ ಕಣ್ಣಿನಿಂದ ಹಿಂಬಾಲಿಸಬೇಕು. ಯಾರೂ ಟಾರ್ಚ್ ಹಾಕಲಿಲ್ಲ. ವ್ಯಾಂಗ್ ಬಿಗಿಯೇ ಇತ್ತು. ಇಳಿಯುವ ವಾಚಿನವನು ಏರುವವನು ಬಿಡುತ್ತಾನೆ ಅಂದುಕೊಂಡಿದ್ದ, ಏರುವವನು ಅದು ಆಗಲೇ ಬಿಟ್ಟಾಗಿದೆ ಅಂದುಕೊಂಡಿದ್ದ. ವ್ಯಾಂಗ್ ಬೂಮನ್ನು ಕೆಳಗೆ ಜಗ್ಗುತ್ತಿತ್ತು, ವಿಂಚ್ ಹಾಯಿಯ ಜೊತೆಗಲ್ಲ, ವ್ಯಾಂಗಿನ ಜೊತೆ ಜಗಳಾಡುತ್ತಿತ್ತು.

ಸೋತದ್ದು ಹಗ್ಗ. ತೀರಾ ಗಟ್ಟಿ ನಾರಿನ ಡೈನೀಮಾ ಹಗ್ಗದಲ್ಲಿ ಭಾರ ಹೊರುವುದು ಒಳಗಿನ ತಿರುಳು, ಜಾಮರ್ ಕಚ್ಚುವುದು ಹೊರಗಿನ ಪಾಲಿಯೆಸ್ಟರ್ ಕವರ್. ಮಿತಿ ಮೀರಿ ಎಳೆದಾಗ ತಿರುಳು ಒಳಗೆ ಜಾರುತ್ತದೆ, ಕವರ್ ಜಾಮರ್ ಬಾಯಲ್ಲಿ ಕಾಲಿಂದ ಜಾರಿದ ಸಾಕ್ಸಿನ ಹಾಗೆ ಮುದುಡಿ ಗುಡ್ಡೆಯಾಗುತ್ತದೆ. ಮುದುಡಿದ ಹಗ್ಗ ಮುಂದೂ ಹೋಗದು, ಹಿಂದೂ ಬಾರದು. ಕೊನೆಗೆ ಬೂಮನ್ನು ನಡುವಿಗೆ ತಂದು ಶೀಟ್ ಬಿಗಿದು, ಬೂಮಿನ ತುದಿಗೆ ಒಬ್ಬನನ್ನು ಕಳಿಸಿ, ಕ್ಲೂ ರಿಂಗಿನಿಂದ ಬೂಮ್ ಸುತ್ತ ಡೈನೀಮಾ ತುಂಡನ್ನು ಐದು ಸುತ್ತು ಕಟ್ಟಬೇಕಾಯಿತು. ನಾಲ್ಕು ನಿಮಿಷದ್ದು ನಲವತ್ತಾಯಿತು. ಮನುಷ್ಯನನ್ನು ಬೋಟಿಗೆ ಕಟ್ಟಿ ಹಿಡಿಯುವ ಟೆದರಿನಲ್ಲಿ ಎರಡು ಉದ್ದ ಇರುತ್ತವೆ, ಒಂದು ಮೀಟರ್, ಎರಡು ಮೀಟರ್. ಇಂಥ ಕೆಲಸಕ್ಕೆ ಒಂದು ಮೀಟರಿನದೇ ಸರಿ. ಉದ್ದದ್ದರಲ್ಲಿ ಜಾರಿದರೆ ಮನುಷ್ಯ ಬೋಟಿನ ಹೊರಗೆ ನೀರಿನಲ್ಲಿ ಎಳೆದಾಡುತ್ತಾನೆ.

ಊರಿನವರು ಇದನ್ನು ಕೇಳಿ "ಹಗ್ಗ ಅಲ್ಲೇನ್ರೀ, ಹೋದ್ರ ಹೋತು" ಅನ್ನುತ್ತಾರೆ. ಈ ಸಮುದ್ರದಲ್ಲಿ ಹಾಗೆ ಅನ್ನುವಂತಿಲ್ಲ ಎನ್ನಲು ನಮ್ಮ ಕಡೆಯ ಹೆಸರಿನದೇ ಒಂದು ಕತೆಯಿದೆ. ಬೆಳಗಾವಿ ಕಡೆ ಮಹದಾಯಿ ಅಂದರೆ ಕಳಸಾ-ಬಂಡೂರಿ ನೆನಪಾಗುತ್ತದೆ. ಆದರೆ ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟುವ ಆ ನದಿಯ ಹೆಸರಿನ ನೌಕಾಪಡೆಯ ಬೋಟೂ ಒಂದಿದೆ, 56 ಅಡಿಯ ಐಎನ್‌ಎಸ್‌ವಿ ಮ್ಹಾದೇಯಿ. ನೌಕಾಪಡೆಯ ಅಧಿಕಾರಿಯಾಗಿದ್ದ ಅಭಿಲಾಷ್ ಟೋಮಿ 2012-13ರಲ್ಲಿ ಅದರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದರು. ಅವರದೇ ಇನ್ನೊಂದು ಬೋಟು ಥುರಿಯ 2018ರ ಸೆಪ್ಟೆಂಬರಿನಲ್ಲಿ ಈ ದಕ್ಷಿಣ ಹಿಂದೂ ಮಹಾಸಾಗರದಲ್ಲೇ ಉರುಳಿ ಮಾಸ್ಟ್ ಮುರಿಯಿತು. ಬೆನ್ನುಮೂಳೆಗೆ ಪೆಟ್ಟು ಬಿದ್ದ ಅವರನ್ನು ಫ್ರಾನ್ಸಿನ ಓಸಿರಿಸ್ ಹಡಗು ಬಂದು ಎತ್ತಿಕೊಳ್ಳಲು ಮೂರು ದಿನ ಹಿಡಿಯಿತು. ಇಲ್ಲಿ ಒಂದು ಬೂಮ್ ಮುರಿದರೆ ಕರೆಸಲು ಬೆಳಗಾವಿಯ ಕಾರ್ಖಾನೆ ಪ್ರದೇಶ ಉದ್ಯಮಬಾಗದ ವೆಲ್ಡರ್ ಇಲ್ಲ.

ರೀಫು ತಡವಾದರೆ ಪೆಟ್ಟು ಹಾಯಿಗಷ್ಟೇ ಅಲ್ಲ. ಹೆಚ್ಚು ವಾಲಿದ ಬೋಟಿನಲ್ಲಿ, ಸಮುದ್ರದ ನೀರನ್ನು ಸಿಹಿ ಮಾಡುವ ವಾಟರ್‌ಮೇಕರಿನ ಬಾಯಿ ನೀರಿನಿಂದ ಮೇಲೆದ್ದು ಗಾಳಿ ಎಳೆಯುತ್ತದೆ, ಪಂಪು ನಿಲ್ಲುತ್ತದೆ. ನೀರಿಲ್ಲದಿದ್ದರೆ ಫ್ರೀಜ್‌ಡ್ರೈ (ಒಣಗಿಸಿದ) ಊಟದ ಪೊಟ್ಟಣ ಬರೀ ಪುಡಿ. ಅಡುಗೆಯವನು ಆಯಿಲ್‌ಸ್ಕಿನ್ ಪ್ಯಾಂಟು, ಬೂಟು ಹಾಕಿಕೊಂಡೇ ಸ್ಟವ್ ಮುಂದೆ ನಿಲ್ಲಬೇಕು, ಕುದಿನೀರು ತೊಡೆಗೆ ಚೆಲ್ಲಿದರೆ ಹತ್ತಿರದಲ್ಲಿ ಡಾಕ್ಟರ್ ಇಲ್ಲ. ಸ್ಟವ್ ಹಚ್ಚಲಾಗದ ರಾತ್ರಿಗೆ ನನ್ನ ಮತ್ತು ಗೋಕಾಕದ ಹುಡುಗನ ಡಬ್ಬಿಯೇ ಗತಿ: ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು. ರೊಟ್ಟಿಯನ್ನು ಗಾಳಿಯಾಡದ ಡಬ್ಬಿಯಲ್ಲೇ ಇಡಬೇಕು, ತೆರೆದಿಟ್ಟರೆ ಉಪ್ಪುಗಾಳಿಗೆ ಮೆತ್ತಗಾಗಿ ಚರ್ಮದಂತಾಗುತ್ತದೆ. ಕರದಂಟನ್ನು ಮನೆಯಲ್ಲೇ ಸಣ್ಣದಾಗಿ ಕತ್ತರಿಸಿ ತರಬೇಕು. ಆ ಚಳಿಗೆ ಬೆಲ್ಲ ಕಲ್ಲಾಗುತ್ತದೆ, ಇಡೀ ತುಂಡು ಕಚ್ಚಿದರೆ ಹಲ್ಲು ಹೋಗುತ್ತದೆ. ಗೋಕಾಕದ್ದು ಮೇಲೋ ಅಮೀನಗಡದ್ದು ಮೇಲೋ ಎಂಬ ಜಗಳ ಮಾತ್ರ ನಲವತ್ತು ಡಿಗ್ರಿ ದಕ್ಷಿಣದಲ್ಲೂ ತೀರಿಲ್ಲ. ಹಾಸಿಗೆ ಇಬ್ಬರಿಗೆ ಒಂದು. ಒಬ್ಬ ಎದ್ದ ಒದ್ದೆ ಜಾಗದಲ್ಲಿ ಇನ್ನೊಬ್ಬ ಮಲಗುತ್ತಾನೆ, ಕುಂಡಿಯ ಮೇಲೆ ಉಪ್ಪುನೀರಿನ ಗುಳ್ಳೆ ಏಳುತ್ತವೆ. ಸಿಹಿನೀರಲ್ಲಿ ಒರೆಸಿ, ಒಣಗಿಸಿ, ಜಿಂಕ್ ಕ್ರೀಮ್ ಹಚ್ಚಬೇಕು. ನಾಚಿಕೆಯಿಂದ ಹೇಳದವನು ಮೂರನೇ ದಿನ ಕೂರಲಾರ.

ಈಗ ನಮ್ಮಲ್ಲಿ ಹಗ್ಗಗಳ ಹಸ್ತಾಂತರ ಬಾಯಲ್ಲೇ ಆಗಬೇಕು: "ವ್ಯಾಂಗ್ ಬಿಟ್ಟಿದೆ, ನಿನ್ನದು", "ವ್ಯಾಂಗ್ ನನ್ನದು". ಕತ್ತಲಾಗುವ ಮುಂಚೆ ಬಾರೋಮೀಟರ್ ನೋಡಿ ರೀಫಿನ ತೀರ್ಮಾನ, ವಾಚ್ ಬದಲಿಗೆ ಕಾಯುವುದಿಲ್ಲ. ಜಾಮರ್ ಕಚ್ಚುವ ಕಡೆ ರೀಫ್‌ಲೈನಿಗೆ ಎರಡು ಮೀಟರ್ ಹೆಚ್ಚುವರಿ ಕವರ್ ಹೊಲಿಸಲು ಬಿಲ್ ಕಳಿಸಿದರೆ, ದಂಡೆಯ ಆಫೀಸಿನ ಉತ್ತರ ಮರುದಿನವೇ ಬಂತು: "ತೂಕ ಎಷ್ಟು ಹೆಚ್ಚಾಗುತ್ತದೆ?" ಕಾಲು ಕಿಲೋನೂ ಇಲ್ಲ ಎಂದು ಬರೆದೆವು. ಬಿಲ್ ಇನ್ನೂ ಪಾಸಾಗಿಲ್ಲ.