ಡಿಸೈನರ್ ಆಗಬಯಸುವವರು ಮೊದಲು ಅಕ್ಷರವನ್ನು ನೋಡಲು ಕಲಿಯಲಿ

ಗ್ರಾಫಿಕ್ ಡಿಸೈನ್ ಕ್ಷೇತ್ರಕ್ಕೆ ಬರಬೇಕೆಂದಿರುವ ಯುವಕ ಯುವತಿಯರಲ್ಲಿ ಹೆಚ್ಚಿನವರು ನನ್ನನ್ನು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಕಲಿಯಬೇಕೆಂದು. ಫೋಟೋಶಾಪ್, ಇಲಸ್ಟ್ರೇಟರ್, ಕೋರಲ್‌ಡ್ರಾಗಳ ಬಳಕೆಯನ್ನು ಶ್ರದ್ಧೆಯಿಂದ ಕೂತರೆ ಕೆಲವೇ ತಿಂಗಳಲ್ಲಿ ಕಲಿಯಬಹುದು. ಕಣ್ಣು ಪಳಗುವುದಕ್ಕೆ ಮಾತ್ರ ವರ್ಷಗಳೇ ಬೇಕು, ಮತ್ತು ಕರ್ನಾಟಕದಲ್ಲಿ ಕೆಲಸ ಮಾಡುವವರ ಕಣ್ಣು ಕನ್ನಡ ಅಕ್ಷರದ ಮೇಲೆಯೇ ಪಳಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

‘ರಾಷ್ಟ್ರೀಯ’ ಎಂಬ ಪದವನ್ನೇ ನೋಡಿ. ಷಕಾರಕ್ಕೆ ಟಕಾರ, ರಕಾರಗಳೆರಡೂ ಒತ್ತಾಗಿ ಸೇರುತ್ತವೆ, ಮೇಲೆ ಗುಣಿತವಿದೆ, ಬಲಕ್ಕೆ ದೀರ್ಘವಿದೆ. ಇಂಗ್ಲಿಷಿಗೆ ಸರಿಹೊಂದುವ ಸಾಲಿನ ಅಂತರವನ್ನೇ ಇಲ್ಲಿಯೂ ಇಟ್ಟರೆ ಈ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಗಳಿಗೆ ತಾಗಿ ಓದುವವರ ಕಣ್ಣು ಎಡವುತ್ತದೆ. ಇಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ‘ವರ್ಲ್ಡ್ ರೆಡಿ’ ಕಂಪೋಸರ್ ಎಂಬ ಆಯ್ಕೆಯನ್ನು ಮಾಡದಿದ್ದರಂತೂ ಒತ್ತಕ್ಷರಗಳು ಒಡೆದು ಬೇರೆಯಾಗಿ ನಿಲ್ಲಬಹುದು. ಅಂಥ ಫಲಕಗಳನ್ನು ಬೀದಿಯಲ್ಲಿ ಕಂಡಾಗಲೆಲ್ಲ ನನಗೆ ನಿಜಕ್ಕೂ ನೋವಾಗುತ್ತದೆ. ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡ, ತಿರೊ ಕನ್ನಡದಂತಹ ಒಳ್ಳೆಯ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಸಮಾನವಾದ ಅಕ್ಷರ ಸಂಕೇತ) ಫಾಂಟ್‌ಗಳು ಇಂದು ಉಚಿತವಾಗಿ ಸಿಗುತ್ತವೆ. ಆದರೂ ಅನೇಕ ಮುದ್ರಣಾಲಯಗಳು ‘ನುಡಿ’ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್‌ಗಳಲ್ಲೇ ಕೆಲಸ ಮಾಡುತ್ತವೆಯಾದ್ದರಿಂದ ಒಂದರಿಂದ ಇನ್ನೊಂದಕ್ಕೆ ಪಠ್ಯವನ್ನು ಪರಿವರ್ತಿಸುವುದನ್ನೂ, ಪರಿವರ್ತಿಸಿದ ಮೇಲೆ ಅರ್ಕಾವತ್ತು ಸ್ಥಳ ತಪ್ಪಿಲ್ಲವೇ ಎಂದು ಅಕ್ಷರ ಅಕ್ಷರವಾಗಿ ನೋಡುವುದನ್ನೂ ರೂಢಿಸಿಕೊಳ್ಳಬೇಕು.

ಓದಿನ ದಾರಿಗಳು ಹಲವಿವೆ. ಹನ್ನೆರಡನೆಯ ತರಗತಿ ಮುಗಿಸಿದವರು ಅಹಮದಾಬಾದಿನ ಎನ್‌ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಅದರದೇ ಪ್ರವೇಶ ಪರೀಕ್ಷೆಯ ಮೂಲಕ, ಐಐಟಿ ಬಾಂಬೆಯ ಡಿಸೈನ್ ಪದವಿಯಾದ ಬಿ.ಡಿಸೈನ್‌ಗೆ ಯುಸೀಡ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಹೋಗಬಹುದು. ಎರಡಕ್ಕೂ ವಿಜ್ಞಾನ ಓದಿರಲೇಬೇಕೆಂಬ ನಿಯಮವಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ) ಕಲಾಶಾಲೆಗಳೂ ಇವೆ. ಶುಲ್ಕ ಕಟ್ಟಲಾಗದವರು ಧೈರ್ಯಗೆಡಬೇಕಿಲ್ಲ, ಏಕೆಂದರೆ ಊರಿನ ಆಫ್‌ಸೆಟ್ ಪ್ರೆಸ್ಸಿನಲ್ಲಿ ಆರು ತಿಂಗಳು ದುಡಿದರೆ ಸಿಗುವ ಜ್ಞಾನ ಬಹಳ ಕಾಲೇಜುಗಳಲ್ಲಿ ಸಿಗುವುದಿಲ್ಲ. ಪರದೆಯ ಮೇಲೆ ಹೊಳೆಯುವ ಹಸಿರು ನಾಲ್ಕು ಬಣ್ಣದ ಮುದ್ರಣದಲ್ಲಿ ಏಕೆ ಮಂಕಾಗುತ್ತದೆ, ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯದಿರಲು ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಚಾಚಿದ ಬಣ್ಣ) ಏಕೆ ಬಿಡಬೇಕು ಎಂಬುದೆಲ್ಲ ಅಲ್ಲಿ ಕಣ್ಣೆದುರೇ ತಿಳಿಯುತ್ತದೆ. ಸಣ್ಣ ಅಕ್ಷರಗಳಿಗೆ ಕಪ್ಪು ಶಾಯಿಯೊಂದನ್ನೇ ಬಳಸಬೇಕು. ನಾಲ್ಕೂ ಶಾಯಿ ಸೇರಿಸಿದ ಕಪ್ಪಾದರೆ ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಮೂಡುತ್ತದೆ.

ಪೋರ್ಟ್‌ಫೋಲಿಯೊಗೆ, ಅಂದರೆ ನಿಮ್ಮ ಕೆಲಸದ ಮಾದರಿಗಳ ಸಂಗ್ರಹಕ್ಕೆ, ದೊಡ್ಡ ಕಂಪನಿಗಳ ಲೋಗೋಗಳನ್ನು ಮತ್ತೆ ಬಿಡಿಸಿ ತುಂಬಿಸುವುದಕ್ಕಿಂತ, ನಿಮ್ಮೂರಿನ ಬೇಕರಿಯ ಫಲಕವನ್ನೋ ಗ್ರಂಥಾಲಯದ ಸೂಚನಾಪತ್ರವನ್ನೋ ಹೊಸದಾಗಿ ರೂಪಿಸಿ, ಕೈಬಿಟ್ಟ ಕರಡುಗಳನ್ನೂ ಕೈಬಿಟ್ಟ ಕಾರಣವನ್ನೂ ಜೊತೆಗಿಡಿ. ಕೆಲಸ ಕೊಡುವವರು ನೋಡಬಯಸುವುದು ನೀವು ಹೇಗೆ ಯೋಚಿಸುತ್ತೀರಿ ಎಂಬುದನ್ನು.

ಸ್ವತಂತ್ರವಾಗಿ ಕೆಲಸ ಹಿಡಿಯುವವರು ಸಂಭಾವನೆಯ ಮಾತನ್ನು ಸಂಕೋಚದಿಂದ ಮುಂದೂಡಬಾರದು. ಮುಂಗಡ ಎಷ್ಟು, ತಿದ್ದುಪಡಿ ಎಷ್ಟು ಬಾರಿ, ಮೂಲ ಫೈಲ್ ಕೊಡಬೇಕೇ ಬೇಡವೇ ಎಂಬುದನ್ನು ಮೊದಲ ಗೆರೆ ಎಳೆಯುವ ಮುಂಚೆಯೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಪರಿಚಯದವರ ಕೆಲಸವಾದರೂ ಸರಿಯೇ.