ಸೆಟಲ್‌ಮೆಂಟ್ ಫೈಲ್‌ನಲ್ಲಿ ಒಂದು ಸಾಲು ಜಾಸ್ತಿ

ಯಾವ ಅಂಗಡಿಯವರಿಗೆ ಎಷ್ಟು ದುಡ್ಡು ಹಾಕಬೇಕು ಅನ್ನುವ ಪಟ್ಟಿಯೇ ಸೆಟಲ್‌ಮೆಂಟ್ ಫೈಲ್. ನಮ್ಮ ಟೂಲ್ ಅದನ್ನು ಡೇಟಾಬೇಸ್‌ನಿಂದ ತೆಗೆದುಕೊಡುತ್ತದೆ, ಅದು ಬ್ಯಾಂಕಿಗೆ ಹೋಗುತ್ತದೆ. ಆ ರಾತ್ರಿ ಬ್ಯಾಂಕಿನಿಂದ ಬಂದ ರಿಜೆಕ್ಟ್‌ನಲ್ಲಿ ಇದ್ದದ್ದು ಇಷ್ಟೇ: ರೆಕಾರ್ಡ್ ಕೌಂಟ್ ಮಿಸ್‌ಮ್ಯಾಚ್. ಟ್ರೇಲರ್‌ನಲ್ಲಿ, ಅಂದರೆ ಲೆಕ್ಕ ಹೇಳುವ ಕೊನೆಯ ಸಾಲಿನಲ್ಲಿ, ಬರೆದ ಸಂಖ್ಯೆಗಿಂತ ಫೈಲ್‌ನಲ್ಲಿ ಒಂದು ಸಾಲು ಜಾಸ್ತಿ ಇತ್ತು.

ದುಡ್ಡಿನ ಸಿಸ್ಟಂ ನೋಡಿಕೊಳ್ಳುವವರಿಗೆ ‘ಒಂದು ಜಾಸ್ತಿ’ ಅಂದರೆ ಎದೆ ಧಸಕ್ ಅನ್ನುತ್ತದೆ. ಒಂದು ಕಡಿಮೆ ಆದರೆ ಯಾರಿಗೋ ತಡವಾಗುತ್ತದೆ, ಮುಂದಿನ ಬ್ಯಾಚ್‌ನಲ್ಲಿ ಕಳಿಸಬಹುದು. ಜಾಸ್ತಿ ಆದರೆ ಯಾರಿಗೋ ಎರಡು ಸಲ ಹೋಗುತ್ತಿದೆ ಅಂತ ಅರ್ಥ. ಹಾಗಂತ ನಾನು ಅಂದುಕೊಂಡೆ. ಈ ಫೈಲ್ ರಿಜೆಕ್ಟ್ ಆಯ್ತು, ಸರಿ. ಆದರೆ ಅದೇ ಟೇಬಲ್‌ನಿಂದ ಸಂಜೆಯ ಬ್ಯಾಚ್‌ಗಳೂ ಹೋಗಿವೆಯಲ್ಲ? ಅವುಗಳಲ್ಲೂ ಡುಪ್ಲಿಕೇಟ್ ಇದ್ದರೆ?

ಮಧ್ಯರಾತ್ರಿ ದಾಟಿತ್ತು. ಲೀಡ್‌ಗೆ ಫೋನ್ ಮಾಡಿದೆ. ‘ಏನಾಯ್ತಪ್ಪಾ?’ ಅಂದರು. ‘ಸರ್, ಡುಪ್ಲಿಕೇಟ್ ಇರೋ ಹಾಗಿದೆ. ಉಳಿದ ಬ್ಯಾಚ್‌ಗಳನ್ನ ಹೋಲ್ಡ್ ಮಾಡೋಣ’ ಅಂದೆ. ಅವರು ಮರುಮಾತಿಲ್ಲದೆ ಹೂಂ ಅಂದರು. ಬ್ಯಾಚ್‌ಗಳು ನಿಂತವು. ನಮ್ಮ ಫೈಲ್‌ನಲ್ಲಿ ಇರುವವರೆಲ್ಲ ದೊಡ್ಡ ಮಾಲ್‌ಗಳೇನಲ್ಲ. ಅವೆನ್ಯೂ ರೋಡ್‌ನ ಪುಸ್ತಕದ ಅಂಗಡಿಗಳಿವೆ. ಕೆ.ಆರ್. ಮಾರ್ಕೆಟ್‌ನಲ್ಲಿ ನಸುಕಿಗೇ ಹೂವು ಕೊಳ್ಳುವವರಿದ್ದಾರೆ. ನಿನ್ನೆ ಕ್ಯೂಆರ್‌ನಲ್ಲಿ ಬಂದ ದುಡ್ಡು ಬೆಳಿಗ್ಗೆ ಅಕೌಂಟ್‌ಗೆ ಬಿದ್ದರೇ ಅವರು ಇವತ್ತಿನ ಮಾಲು ಎತ್ತುವುದು. ಬ್ಯಾಂಕಿನ ಕಟ್-ಆಫ್ ಸಮಯದ ಒಳಗೆ ಸರಿಯಾದ ಫೈಲ್ ಹೋಗಲೇಬೇಕಿತ್ತು.

ಫೈಲ್ ಅನ್ನು ಸಾರ್ಟ್ ಮಾಡಿ ಯೂನಿಕ್ ಕಮಾಂಡ್‌ಗೆ ಮೈನಸ್ ಡಿ ಕೊಟ್ಟು ನೋಡಿದೆ. ಒಂದೂ ಡುಪ್ಲಿಕೇಟ್ ಇಲ್ಲ. ಟ್ರಾನ್ಸಾಕ್ಷನ್ ಐಡಿ ಮಾತ್ರ ತೆಗೆದು ನೋಡಿದೆ. ಇಲ್ಲ. ಟೇಬಲ್‌ನಲ್ಲೇ ಕ್ವೆರಿ ಹಾಕಿದೆ. ಅಲ್ಲೂ ಇಲ್ಲ. ಹೆಡ್ ನೋಡಿದೆ, ಟೇಲ್ ನೋಡಿದೆ, ಎರಡೂ ಚೆನ್ನಾಗಿದ್ದವು. ಕೊನೆಗೆ ಅದೇ ತಾರೀಖಿಗೆ ಟೂಲ್ ಅನ್ನು ಕೈಯಲ್ಲಿ ಮತ್ತೆ ಓಡಿಸಿದೆ. ಈ ಸಲ ಕೌಂಟ್ ಸರಿಯಾಗಿ ಬಂತು. ಅದನ್ನು ನೋಡಿ ಇನ್ನೂ ಗಾಬರಿಯಾಯಿತು. ಅದೇ ಡೇಟಾ, ಅದೇ ಟೂಲ್, ಆದರೆ ಫೈಲ್ ಬೇರೆ. ಯಾರೋ ನಡುವೆ ಟೇಬಲ್ ಮುಟ್ಟಿದ್ದಾರೆ ಅಂತ ಆಡಿಟ್ ಲಾಗ್ ಕೆದಕಲು ಶುರುಮಾಡಿದೆ. ಅಲ್ಲಿ ಕಳೆದ ಹೊತ್ತು ಈಗಲೂ ನನ್ನನ್ನು ಚುಚ್ಚುತ್ತದೆ. ಮನಸ್ಸಿನಲ್ಲಿ ‘ಡುಪ್ಲಿಕೇಟ್’ ಅನ್ನುವುದು ಕೂತುಬಿಟ್ಟಿತ್ತು. ಜಾಸ್ತಿ ಆದ ಸಾಲು ಟ್ರಾನ್ಸಾಕ್ಷನ್ನೇ ಅಲ್ಲದಿರಬಹುದು ಅಂತ ಹೊಳೆಯಲೇ ಇಲ್ಲ.

ಹೊಳೆದದ್ದು ನನ್ನ ಜೊತೆ ಆನ್-ಕಾಲ್‌ನಲ್ಲಿದ್ದ ಹುಡುಗಿಗೆ. ಕೆಲಸಕ್ಕೆ ಸೇರಿ ಇನ್ನೂ ಹೊಸದು. ‘ಸರ್, ಪ್ರತಿ ಸಾಲಿನ ಕಾಲಂ ಎಣಿಸಿ ನೋಡೋಣ್ವಾ?’ ಅಂದಳು. ‘ನೋಡಮ್ಮಾ’ ಅಂದೆ. ಸಾಲುಗಳನ್ನು ಕಾಲಂಗಳಾಗಿ ಒಡೆದು ನೋಡುವ ಆಕ್ ಕಮಾಂಡ್‌ನಲ್ಲಿ ಒಂದು ಸಾಲು ಬರೆದಳು: 12 ಕಾಲಂ ಇಲ್ಲದ ಸಾಲುಗಳನ್ನೆಲ್ಲ ತೋರಿಸು. ಎರಡು ಬರಬೇಕು, ಹೆಡರ್ ಮತ್ತು ಟ್ರೇಲರ್. ಬಂದದ್ದು ಮೂರು. ನಡುವಿನದು ಹೀಗಿತ್ತು:

ರಿಟ್ರೈಯಿಂಗ್ ಕನೆಕ್ಷನ್ 2/5

ಅಷ್ಟೇ. ಡೇಟಾಬೇಸ್ ಸ್ವಲ್ಪ ಹೊತ್ತು ಉಸಿರು ಹಿಡಿದಿತ್ತು. ಟೂಲ್ ಮತ್ತೆ ಪ್ರಯತ್ನಿಸಿತು, ಕನೆಕ್ಟ್ ಆಯಿತು, ‘ರಿಟ್ರೈ ಮಾಡ್ತಿದ್ದೀನಿ’ ಅಂತ ಹೇಳಿಕೊಂಡಿತು. ಆದರೆ ಹೇಳಿಕೊಂಡದ್ದು ಬ್ಯಾಂಕಿಗೆ ಹೋಗುವ ಫೈಲ್‌ನೊಳಗೆ. ನಾನು ಎರಡನೇ ಸಲ ಓಡಿಸಿದಾಗ ಡೇಟಾಬೇಸ್ ಆರಾಮಾಗಿತ್ತು, ಆ ಸಾಲೂ ಬರಲಿಲ್ಲ. ಆ ಎರಡನೇ ಫೈಲನ್ನೇ ಕಳಿಸಿದೆವು. ಕಟ್-ಆಫ್ ಒಳಗೆ ಹೋಯಿತು.

ಮಾರನೇ ದಿನ ಸ್ಕ್ರಿಪ್ಟ್ ತೆರೆದು ನೋಡಿದರೆ ಎಲ್ಲ ಅಲ್ಲೇ ಇತ್ತು. ನಮ್ಮ ಟೂಲ್ ಡೇಟಾವನ್ನೂ ಮಾತನ್ನೂ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೇ, ಅಂದರೆ ಫಲಿತಾಂಶ ಹೊರಬರುವ ದಾರಿಗೇ, ಸುರಿಯುತ್ತಿತ್ತು. ಯಾವ ಕಾಲದಲ್ಲೋ ಯಾರೋ ಅದಕ್ಕೆ ಪೈಪ್ ಹಾಕಿ (ಒಂದು ಪ್ರೋಗ್ರಾಂನ ಔಟ್‌ಪುಟ್ ನೇರ ಇನ್ನೊಂದಕ್ಕೆ ಹೋಗುವ ಹಾಗೆ ಜೋಡಿಸಿ), ‘ಇನ್ಫೋ’ ಅಂತ ಶುರುವಾಗುವ ಸಾಲುಗಳನ್ನು ಗ್ರೆಪ್ ಮೈನಸ್ ವಿ ಕೊಟ್ಟು ಸೋಸಿದ್ದರು. ಅದು ಸಲೀಸಾಗಿ ನಡೆಯುತ್ತಲೇ ಬಂದಿತ್ತು. ಆಮೇಲೆ ಇನ್ನೊಬ್ಬರು ರಿಟ್ರೈ ಕೋಡ್ ಸೇರಿಸುವಾಗ ಸುಮ್ನೆ ಒಂದು ಪ್ರಿಂಟ್ ಬರೆದರು. ಅದರ ಮುಂದೆ ‘ಇನ್ಫೋ’ ಇರಲಿಲ್ಲ. ಜರಡಿ ದಾಟಿತು.

ಇನ್ನೂ ಕೆಟ್ಟದ್ದು ಎಕ್ಸಿಟ್ ಕೋಡ್, ಅಂದರೆ ಕೆಲಸ ಗೆದ್ದಿತೋ ಸೋತಿತೋ ಅಂತ ಪ್ರೋಗ್ರಾಂ ಮುಗಿಯುವಾಗ ಕೊಡುವ ಸಂಖ್ಯೆ. ಸೊನ್ನೆ ಅಂದರೆ ಸರಿ. ಪೈಪ್‌ಲೈನ್‌ನ ಎಕ್ಸಿಟ್ ಕೋಡ್ ಅಂದರೆ ಕೊನೆಯ ಕಮಾಂಡ್‌ನದ್ದು. ಇಲ್ಲಿ ಕೊನೆಯಲ್ಲಿದ್ದದ್ದು ಗ್ರೆಪ್. ಆ ರಾತ್ರಿ ಟೂಲ್ ಅರ್ಧದಲ್ಲೇ ಬಿದ್ದಿದ್ದರೂ ಗ್ರೆಪ್ ಸೊನ್ನೆ ಕೊಟ್ಟು, ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಕ್ರಾನ್ ಎಲ್ಲ ಸರಿಯಿದೆ ಅಂತ ನಂಬುತ್ತಿತ್ತು. ಸ್ಕ್ರಿಪ್ಟ್ ಓಡಿಸುವ ಬ್ಯಾಶ್‌ನಲ್ಲಿ ಪೈಪ್‌ಫೇಲ್ ಸೆಟ್ ಮಾಡಿದ್ದರೆ ಸಾಕಿತ್ತು, ನಡುವೆ ಯಾವುದು ಬಿದ್ದರೂ ಸೋತಿತು ಅಂತಲೇ ಹೇಳುತ್ತಿತ್ತು. ಒಂದು ಸಾಲಿನ ಕೆಲಸ.

ಇದೇನು ಹೊಸ ಕಾಯಿಲೆ ಅಲ್ಲ. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನಲ್ಲೂ ಮೊದಮೊದಲು ಪ್ರೋಗ್ರಾಂಗಳು ದೂರುಗಳನ್ನೂ ಔಟ್‌ಪುಟ್‌ಗೇ ಬರೆಯುತ್ತಿದ್ದವು. ಔಟ್‌ಪುಟ್ ಫೈಲ್‌ಗೆ ಹೋದಾಗ ತೊಂದರೆ ಆಗುತ್ತಿತ್ತು. 1973ರಲ್ಲಿ ಪೈಪ್ ಬಂದ ಮೇಲೆ ಇನ್ನೂ ಜಾಸ್ತಿಯಾಯಿತು, ಯಾಕೆಂದರೆ ಆ ದೂರನ್ನು ಮುಂದಿನ ಪ್ರೋಗ್ರಾಂ ಡೇಟಾ ಅಂತ ನುಂಗುತ್ತಿತ್ತು. 1975ರ ಆರನೇ ಆವೃತ್ತಿಯವರೆಗೂ ಜನ ಸಹಿಸಿಕೊಂಡರು. ಅದಾದ ಸ್ವಲ್ಪ ದಿನಕ್ಕೆ ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನ್ನಿಸ್ ರಿಚಿ ದೂರುಗಳಿಗೆ ಸ್ಟ್ಯಾಂಡರ್ಡ್ ಎರರ್ ಅನ್ನುವ ಪ್ರತ್ಯೇಕ ದಾರಿ ಮಾಡಿಕೊಟ್ಟರು. ಪೈಪ್‌ನ ಕಲ್ಪನೆ ಕೊಟ್ಟ ಡಗ್ ಮ್ಯಾಕ್‌ಇಲ್ರಾಯ್ ಇದನ್ನು ಬರೆದಿಟ್ಟಿದ್ದಾರೆ. ಅಷ್ಟೂ ಸಾಲಲಿಲ್ಲವಂತೆ. ಪೈಪ್‌ನಲ್ಲಿ ನಾಲ್ಕು ಪ್ರೋಗ್ರಾಂ ಒಟ್ಟಿಗೆ ಓಡುವಾಗ ಯಾವುದು ಕೂಗಿತು ಅಂತ ಗೊತ್ತಾಗಬೇಕಲ್ಲ, ಹಾಗಾಗಿ ಪ್ರತಿ ಸಂದೇಶವೂ ತನ್ನ ಹೆಸರು ಹೇಳಬೇಕಾಯಿತು. ಅರ್ಧ ಶತಮಾನದ ಹಿಂದೆ ಬಗೆಹರಿದ ವಿಷಯ. ಆದರೂ ನಮ್ಮ ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಬಾಕಿ ಕೆಲಸದ ಪಟ್ಟಿಯಲ್ಲಿ, ‘ಔಟ್‌ಪುಟ್ ಕ್ಲೀನಪ್’ ಟಿಕೆಟ್ ಪ್ರತಿ ಸ್ಪ್ರಿಂಟ್‌ನಲ್ಲೂ (ಕೆಲಸದ ಪ್ರತಿ ಸುತ್ತಿನಲ್ಲೂ) ಮುಂದಕ್ಕೆ ಹೋಗುತ್ತಿತ್ತು. ಕಸ್ಟಮರ್‌ಗೆ ಕಾಣುವ ಕೆಲಸ ಅಲ್ಲ ಅನ್ನುವುದೇ ಕಾರಣ. ಈ ಮಾತು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ. ರಾತ್ರಿ ಟರ್ಮಿನಲ್ ಮುಂದೆ ಕೂತವರೂ ಆ ಟೂಲ್‌ನ ಬಳಕೆದಾರರೇ ಅಲ್ವಾ?

ಘಟನೆ ಆದ ಮೇಲೆ ಮೇಲಿನವರು ‘ಎಲ್ಲವನ್ನೂ ಲಾಗ್ ಮಾಡಿ’ ಅಂದರು. ಲಾಗ್ ಸ್ಟೋರೇಜ್ ಬಿಲ್ ಬಂದ ಮೇಲೆ ‘ಲಾಗ್ ಕಡಿಮೆ ಮಾಡಿ’ ಅಂದರು. ಎರಡೂ ತಪ್ಪು ದಾರಿ. ಎಷ್ಟು ಮಾತಾಡಬೇಕು ಅನ್ನುವುದನ್ನು ಟೂಲ್ ಓಡಿಸುವವರ ಕೈಗೆ ಕೊಡಬೇಕು. ನಾವು ಹಾಗೇ ಮಾಡಿದೆವು. ಸುಮ್ನೆ ಓಡಿಸಿದರೆ ವಾರ್ನಿಂಗ್ ಮತ್ತು ಎರರ್ ಮಾತ್ರ. ಟೂಲ್‌ಗೆ ಮೈನಸ್ ವಿ (ವರ್ಬೋಸ್, ಅಂದರೆ ಜಾಸ್ತಿ ಮಾತು) ಕೊಟ್ಟರೆ ಇನ್ಫೋ, ಎರಡು ವಿ ಕೊಟ್ಟರೆ ಡೀಬಗ್. ಎಲ್ಲ ಸ್ಟ್ಯಾಂಡರ್ಡ್ ಎರರ್‌ಗೆ. ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಡೇಟಾ ಬಿಟ್ಟು ಬೇರೇನೂ ಇಲ್ಲ. ಪೈಥಾನ್ ಭಾಷೆಯ ಲಾಗಿಂಗ್ ಮಾಡ್ಯೂಲ್ ತಾನಾಗಿಯೇ ವಾರ್ನಿಂಗ್ ಮಟ್ಟದಿಂದ ಶುರುಮಾಡಿ ಸ್ಟ್ಯಾಂಡರ್ಡ್ ಎರರ್‌ಗೇ ಬರೆಯುತ್ತದೆ. ಪ್ರಿಂಟ್‌ಗಳನ್ನು ಕಿತ್ತು ಅದನ್ನು ಹಾಕಿದ್ದರಿಂದ ಅರ್ಧ ಕೆಲಸ ಮುಗಿಯಿತು. ಪ್ರೋಗ್ರೆಸ್ ಬಾರ್ ಎದುರಿಗೆ ಟರ್ಮಿನಲ್ ಇದ್ದರೆ ಮಾತ್ರ ಬರುತ್ತದೆ.

ಮೈನಸ್ ಕ್ಯೂ, ಅಂದರೆ ‘ಕ್ವಯಟ್’ ಆಯ್ಕೆಯ ಬಗ್ಗೆ ಜಾಸ್ತಿ ಚರ್ಚೆ ಆಯಿತು. ಕೆಲವರು ‘ಕ್ವಯಟ್ ಅಂದರೆ ಏನೂ ಬರಬಾರದು’ ಅಂದರು. ನಾನು ಒಪ್ಪಲಿಲ್ಲ. ನೆಟ್‌ನಿಂದ ಡೇಟಾ ತರುವ ಕರ್ಲ್ ಕಮಾಂಡ್ ಬಳಸುವವರಿಗೆ ಗೊತ್ತು, ಮೈನಸ್ ಸಣ್ಣ ಎಸ್ ಕೊಟ್ಟರೆ ಪ್ರೋಗ್ರೆಸ್ ಜೊತೆ ಎರರ್ ಮೆಸೇಜೂ ಮಾಯ. ಎರರ್ ಬೇಕಾದರೆ ದೊಡ್ಡ ಎಸ್ ಸೇರಿಸಬೇಕು. ಅದು ಮರೆತು ಎಷ್ಟು ಸ್ಕ್ರಿಪ್ಟ್‌ಗಳು ಕಾರಣ ಹೇಳದೆ ಸಾಯುತ್ತವೆ! ನಮ್ಮ ಟೂಲ್‌ನಲ್ಲಿ ಕ್ಯೂ ಕೊಟ್ಟರೆ ವಾರ್ನಿಂಗ್ ನಿಲ್ಲುತ್ತದೆ, ಎರರ್ ನಿಲ್ಲುವುದಿಲ್ಲ.

ಸಂದೇಶದ ಮಾತನ್ನೂ ಬದಲಿಸಿದೆವು. ‘ರಿಟ್ರೈಯಿಂಗ್ ಕನೆಕ್ಷನ್’ ಅಂದರೆ ಯಾವ ಕನೆಕ್ಷನ್? ಈಗ ಟೂಲ್‌ನ ಹೆಸರು, ಯಾವ ಹೋಸ್ಟ್, ಏನು ಎರರ್ ಬಂತು, ಇನ್ನೆಷ್ಟು ಸೆಕೆಂಡಿಗೆ ಮತ್ತೆ ಪ್ರಯತ್ನ, ಇಷ್ಟೂ ಒಂದೇ ಸಾಲಿನಲ್ಲಿ ಬರುತ್ತವೆ. ಇದನ್ನು ಬರೆಯಲು ಕೋಡ್ ಬರೆದಷ್ಟೇ ಯೋಚಿಸಬೇಕಾಯಿತು. ಯೋಚಿಸಿದ್ದು ದಂಡ ಆಗಲಿಲ್ಲ.

ಒಂದು ಜಗಳ ಇನ್ನೂ ಮುಗಿದಿಲ್ಲ. ರಿಟ್ರೈ ಆಗಿ ಗೆದ್ದರೆ ಅದು ಇನ್ಫೋನಾ ವಾರ್ನಿಂಗಾ? ಕಾಲಂ ಎಣಿಸಿದ ಆ ಹುಡುಗಿ ವಾರ್ನಿಂಗ್ ಅನ್ನುತ್ತಾಳೆ. ಡೇಟಾಬೇಸ್ ನಿಧಾನ ಆಗುತ್ತಿರುವುದು ಮೊದಲು ತಿಳಿಯುವುದೇ ಅಲ್ಲಿ ಅಂತ ಅವಳ ವಾದ. ಅದರಲ್ಲಿ ಹುರುಳಿದೆ. ಆದರೆ ದಿನಾ ರಾತ್ರಿ ವಾರ್ನಿಂಗ್ ಬಂದರೆ ಜನ ಓದುವುದನ್ನೇ ಬಿಡುತ್ತಾರೆ. ಅದನ್ನು ನಾನು ಬೇರೆ ಟೀಮ್‌ಗಳಲ್ಲಿ ಕಣ್ಣಾರೆ ನೋಡಿದ್ದೇನೆ. ಸದ್ಯಕ್ಕೆ ಪ್ರತಿ ರಿಟ್ರೈ ಇನ್ಫೋ. ಒಂದಾದರೂ ರಿಟ್ರೈ ಆಗಿದ್ದರೆ, ಒಟ್ಟು ಎಷ್ಟು ಆಯಿತು ಅಂತ ಓಟದ ಕೊನೆಗೆ ಒಂದೇ ಒಂದು ವಾರ್ನಿಂಗ್. ಅವಳು ಪೂರ್ತಿ ಒಪ್ಪಿಲ್ಲ. ಮುಂದಿನ ರಿವ್ಯೂಗೆ ಮತ್ತೆ ತರುತ್ತಾಳಂತೆ. ಅಷ್ಟರೊಳಗೆ ನಾನು ಬೇರೆ ಟೀಮ್‌ಗಳ ಸ್ಕ್ರಿಪ್ಟ್‌ಗಳಲ್ಲಿ ಉಳಿದಿರುವ ಗ್ರೆಪ್ ಮೈನಸ್ ವಿ ಸಾಲುಗಳನ್ನು ಹುಡುಕಿ ಪಟ್ಟಿ ಮಾಡುತ್ತಿದ್ದೇನೆ.